ಔಷಧಿ ಹೊಡೆಯುವ ಮೊದಲು ಎಲೆ ಮಗುಚಿ ನೋಡಿ

ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆಗಳು ಕಂಡವು ಎಂದರೆ ಜೇಡನುಸಿ ಬಂದಿದೆ ಎಂದೇ ಲೆಕ್ಕ. ಹೆಚ್ಚಿನವರು ಆ ಹೊತ್ತಿಗೇ ಡ್ರಮ್ಮಿಗೆ ನೀರು ತುಂಬಿಸಲು ಶುರುಮಾಡುತ್ತಾರೆ. ಅದಕ್ಕೂ ಮುಂಚೆ ಒಂದು ಕೆಲಸವಿದೆ: ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿದು ಅದೇ ಎಲೆಯ ಬೆನ್ನನ್ನು ಒಂದು ನಿಮಿಷ ನೋಡುವುದು.

ಅಲ್ಲಿ ಎರಡು ಬಗೆಯ ನುಸಿ ಇರಬಹುದು. ಎರಡೂ ಅರ್ಧ ಮಿಲಿಮೀಟರಿನ ಆಸುಪಾಸು. ಬೆಳೆಯ ರಸ ಹೀರುವ ಜೇಡನುಸಿ ಗುಂಡಗಿರುತ್ತದೆ, ಮೈಯ ಎರಡು ಪಕ್ಕಗಳಲ್ಲಿ ಒಂದೊಂದು ಕಪ್ಪು ಮಚ್ಚೆ, ಸುತ್ತ ನವಿರಾದ ಬಲೆ. ಕೂತಲ್ಲಿಂದ ಏಳುವ ಆತುರ ಅದಕ್ಕಿಲ್ಲ. ಮೊಟ್ಟೆ ಪೂರ್ತಿ ದುಂಡು. ಇನ್ನೊಂದರ ಆಕಾರ ನೀರಹನಿಯಂತೆ. ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಕಾಲು ಉದ್ದ, ಓಟ ನಿಲ್ಲುವುದಿಲ್ಲ. ಮೊಟ್ಟೆ ಉದ್ದುದ್ದ, ಜೇಡನುಸಿಯ ಮೊಟ್ಟೆಗಿಂತ ದಪ್ಪ, ಸಾಮಾನ್ಯವಾಗಿ ನರದ ಪಕ್ಕದಲ್ಲಿ ಇಟ್ಟಿರುತ್ತದೆ. ಜೇಡನುಸಿಯನ್ನು ಹಿಡಿದು ತಿನ್ನುವ ಪರಭಕ್ಷಕ ನುಸಿ ಇದೇ. ಇದಕ್ಕೆ ಕಣ್ಣಿಲ್ಲ. ಮುಂಗಾಲೆರಡನ್ನು ಎತ್ತಿ ಕೋಲಿನಂತೆ ಆಡಿಸುತ್ತಾ ಮೂಸಿಕೊಂಡು ಹೋಗುತ್ತದೆ. ಜೇಡನುಸಿ ಕಚ್ಚಿದ ಎಲೆ ಬೇರೆಯದೇ ವಾಸನೆ ಬಿಡುತ್ತದೆ, ಆ ವಾಸನೆ ಹಿಡಿದೇ ಇದು ಬರುತ್ತದೆ ಎಂಬುದನ್ನು 1980ರ ದಶಕದಲ್ಲಿ ನೆದರ್ಲೆಂಡ್ಸಿನ ವಾಗೆನಿಂಗನ್‌ನ ವಿಜ್ಞಾನಿಗಳು ತೋರಿಸಿಕೊಟ್ಟರು. ಗುರುತು ಹಿಡಿಯಲು ಅನುಮಾನವಾದರೆ ಹುಲ್ಲುಕಡ್ಡಿಯಿಂದ ಮುಟ್ಟಿ: ಸರ್ರನೆ ಓಡಿದ್ದು ನಿಮ್ಮ ಕಡೆಯದು. ಮೈ ತಿಳಿಬಣ್ಣಕ್ಕಿದ್ದದ್ದು ಕೆಂಪು ಜೇಡನುಸಿ ತಿಂದ ಮೇಲೆ ಹೊಟ್ಟೆಯ ಕಡೆ ಕೆಂಪಾಗಿ ಕಾಣುತ್ತದೆ. ಕೆಂಪಾಗಿ ಓಡುತ್ತಿದ್ದರೆ ಹೊಟ್ಟೆ ತುಂಬಿದೆ ಎಂದೇ ತಿಳಿಯಿರಿ.

ಹಣ್ಣಿನ ತೋಟದಲ್ಲಿ ಪರಭಕ್ಷಕ ನುಸಿ ಎಂದರೆ ಬಾಟಲಿಯಲ್ಲಿ ತಂದು ಸುರಿಯುವ ಸರಕು ಎಂದು ತಿಳಿದವರಿದ್ದಾರೆ. ಪಾಲಿಹೌಸಿನ ಮಟ್ಟಿಗೆ ಅದು ನಿಜ. ಬಯಲಿನ ತೋಟದಲ್ಲಿ ಮುಕ್ಕಾಲು ಪಾಲು ಕೆಲಸ ತರುವುದರಲ್ಲಿಲ್ಲ, ಇರುವುದನ್ನು ಕೊಲ್ಲದಿರುವುದರಲ್ಲಿದೆ. ಇದು ಉಪದೇಶವಲ್ಲ, ಬರೀ ಲೆಕ್ಕ. ಒಂದು ಮರದಲ್ಲಿ 3,000 ಎಲೆ ಇವೆ, ಎಲೆಗೆ 5 ಜೇಡನುಸಿ ಇವೆ ಎನ್ನಿ. ಒಟ್ಟು 15,000. ಪರಭಕ್ಷಕ ಗೆಲ್ಲಬೇಕಾದರೆ ಹತ್ತಕ್ಕೆ ಒಂದಾದರೂ ಇರಬೇಕು ಎನ್ನುವುದು ಬಳಕೆಯ ಅಳತೆ. ಅಂದರೆ ಮರವೊಂದಕ್ಕೆ 1,500. ನೂರು ಮರಕ್ಕೆ ಒಂದೂವರೆ ಲಕ್ಷ. ಯಾವ ಜೇಬೂ ಇದನ್ನು ತಡೆಯದು. ಅದೇ ಮರದಲ್ಲಿ ಐದು ಎಲೆಗೆ ಒಂದು ನುಸಿ ಇದ್ದ ಹಂತದಲ್ಲಿ ನೋಡಿದ್ದರೆ ಒಟ್ಟು 600, ಬೇಕಾದದ್ದು 60. ಬಿಡುವುದಾದರೆ ಮೊದಲ ಚುಕ್ಕೆಗಳಲ್ಲೇ ಬಿಡಬೇಕು. ಬಲೆ ಕಟ್ಟಿದ ಮೇಲೆ ತಂದು ಸುರಿದು 'ಇದೆಲ್ಲ ಕೆಲಸ ಮಾಡಲ್ಲ' ಎನ್ನುವುದು ನಿತ್ಯದ ಮಾತು. ತಪ್ಪು ನುಸಿಯದಲ್ಲ.

ವೇಗದ ಲೆಕ್ಕವೂ ಗೊತ್ತಿರಬೇಕು. ಜೇಡನುಸಿ 30 ಡಿಗ್ರಿ ಬಿಸಿಲಲ್ಲಿ ಮೊಟ್ಟೆಯಿಂದ ದೊಡ್ಡದಾಗಲು ಹೆಚ್ಚುಕಡಿಮೆ ಒಂದು ವಾರ, ಒಂದು ಹೆಣ್ಣು ನೂರರಷ್ಟು ಮೊಟ್ಟೆ ಇಡಬಲ್ಲದು. ಗಂಡು ಸಿಗದಿದ್ದರೂ ಅದರ ಸಂಸಾರ ನಿಲ್ಲದು: ಕೂಡದೆ ಇಟ್ಟ ಮೊಟ್ಟೆಯಿಂದ ಗಂಡು ಹುಟ್ಟುತ್ತದೆ, ಆ ಗಂಡಿನಿಂದಲೇ ಮುಂದಿನ ಪೀಳಿಗೆ. ಪರಭಕ್ಷಕದ ಹೆಣ್ಣು ಹಾಗಲ್ಲ, ಕೂಡದೆ ಮೊಟ್ಟೆ ಇಡದು. ಆದರೆ ಅದರ ಬೆಳವಣಿಗೆ ಇನ್ನೂ ಚುರುಕು, ಬೆಚ್ಚನೆ ಹವೆಯಲ್ಲಿ ಐದಾರು ದಿನ ಸಾಕು. ಹಾಗಾಗಿ ಆರಂಭದ ಅನುಪಾತ ಸರಿಯಿದ್ದರೆ ಎರಡು ಮೂರು ವಾರದಲ್ಲಿ ತಕ್ಕಡಿ ಇದರ ಕಡೆ ವಾಲುತ್ತದೆ.

ಈಗ ಕೊಲ್ಲುವ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಪರಭಕ್ಷಕಕ್ಕೆ ಅತಿ ದೊಡ್ಡ ಶತ್ರು ಸಿಂಥೆಟಿಕ್ ಪೈರಿಥ್ರಾಯ್ಡ್ ಗುಂಪು: ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ-ಸೈಹಲೋಥ್ರಿನ್, ಫೆನ್‌ವಲರೇಟ್. ಕಾಯಿಕೊರಕಕ್ಕೋ ಜಿಗಿಹುಳಕ್ಕೋ ಹೊಡೆದಿರುತ್ತೀರಿ, ಹುಳ ಸತ್ತಿರುತ್ತದೆ, ಖುಷಿಯಾಗಿರುತ್ತೀರಿ. ಮೂರನೇ ವಾರ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಪರಭಕ್ಷಕ ಮೊದಲ ದಿನವೇ ಸತ್ತಿತ್ತು. ಎಲೆ, ತೊಗಟೆಯ ಮೇಲೆ ಉಳಿದ ಔಷಧಿ ವಾರಗಟ್ಟಲೆ ಹೊಸದಾಗಿ ಬಂದವನ್ನೂ ಕೊಲ್ಲುತ್ತಿತ್ತು. ಜೇಡನುಸಿ ಮಾತ್ರ ಆ ಔಷಧಿಯ ಕಿರಿಕಿರಿಗೆ ಚದುರಿ ಹೊಸ ಎಲೆಗಳಿಗೆ ಹರಡಿಕೊಂಡಿತು. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹೊಡೆದ, ಬೇರಿಗೆ ಹಾಕಿದ ಗಿಡಗಳಲ್ಲೂ ಜೇಡನುಸಿ ಉಕ್ಕುವುದುಂಟು. 'ನುಸಿಗೆ ಹೊಡೆದಿಲ್ಲವಲ್ಲ, ಎಲ್ಲಿಂದ ಬಂತು' ಎಂದು ಕೇಳುವವರು ಹಿಂದಿನ ನಾಲ್ಕು ವಾರದ ಸಿಂಪಡಣೆ ಬರೆದಿಟ್ಟ ಪುಸ್ತಕ ತೆಗೆಯಬೇಕು. ಉತ್ತರ ಅಲ್ಲೇ ಇರುತ್ತದೆ.

ಶಿಲೀಂಧ್ರನಾಶಕದಿಂದ ನುಸಿಗೇನು ಎಂದು ಕೇಳಬೇಡಿ. ಯೂರೋಪಿನ ದ್ರಾಕ್ಷಿ, ಸೇಬಿನ ತೋಟಗಳ ಮುಖ್ಯ ಪರಭಕ್ಷಕ ಟಿಫ್ಲೊಡ್ರೋಮಸ್ ಪೈರಿಗೆ ಮ್ಯಾಂಕೋಜೆಬ್ ಮತ್ತೆ ಮತ್ತೆ ಬಿದ್ದರೆ ಅದು ನೆಲೆ ನಿಲ್ಲುವುದಿಲ್ಲ ಎಂಬುದು ಗಟ್ಟಿಯಾದ ಅನುಭವ. ಗಂಧಕವೂ ಅಷ್ಟೆ: ಒಂದೆರಡು ಸಲ ತಡೆದೀತು, ವಾರ ವಾರ ಹೊಡೆದರೆ ತಡೆಯದು. ತಾಮ್ರದ ಔಷಧಿಗಳು, ಬೋರ್ಡೋ ಮಿಶ್ರಣವೂ ಸೇರಿ, ಹೋಲಿಕೆಗೆ ಮೃದು. ನುಸಿನಾಶಕಗಳಲ್ಲೂ ತಾರತಮ್ಯವಿದೆ. ಅಬಾಮೆಕ್ಟಿನ್ ಮೇಲೆ ಬಿದ್ದ ಪರಭಕ್ಷಕವನ್ನೂ ಕೊಲ್ಲುತ್ತದೆ, ಆದರೆ ಅದರ ಪ್ರಭಾವ ಬೇಗ ಇಳಿಯುತ್ತದೆ. ಬೈಫೆನಜೇಟ್, ಹೆಕ್ಸಿಥಿಯಾಜಾಕ್ಸ್ ಎರಡೂ ಪರಭಕ್ಷಕಕ್ಕೆ ಬಹಳ ಕಡಿಮೆ ಹಾನಿ ಮಾಡುವಂಥವು. ಎಟಾಕ್ಸಜೋಲ್ ದೊಡ್ಡ ಪರಭಕ್ಷಕವನ್ನು ಸಾಯಿಸದೆ ಇರಬಹುದು, ಆದರೆ ಅದರ ಸಂತಾನಕ್ಕೆ ಪೆಟ್ಟು ಕೊಡುತ್ತದೆ. ನೋಡಿದಾಗ ಓಡಾಡುತ್ತಿರುತ್ತವೆ, ಹತ್ತು ದಿನದ ಮೇಲೆ ಮಾಯ. ಹೊಡೆಯಲೇಬೇಕು ಎನ್ನುವಾಗ ಬಲೆ ಕಟ್ಟಿದ ಮರಗಳಿಗಷ್ಟೇ ಹೊಡೆಯಿರಿ. ನಿಮ್ಮ ಬೆಳೆಗೆ ಶಿಫಾರಸಾದ ಔಷಧಿಯೇ ಎಂದು ಲೇಬಲ್ಲಿನಲ್ಲಿ ನೋಡಿಕೊಳ್ಳುವುದು ಬೇರೆ ಹೇಳಬೇಕಿಲ್ಲ.

ಸಿಂಪಡಣೆ ಬದಲಿಸಿದ್ದರಿಂದಲೇ ನುಸಿ ಹತೋಟಿಗೆ ಬಂದದ್ದಕ್ಕೆ ಹಳೆಯ, ದೊಡ್ಡ ಉದಾಹರಣೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟಗಳದ್ದು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಡಿಡಿಟಿ ಬಂತು. ಸೇಬಿನ ಹುಳ ಇಳಿಯಿತು, ಅಲ್ಲಿಯವರೆಗೆ ಅಷ್ಟಾಗಿ ತಲೆ ತಿನ್ನದಿದ್ದ ಜೇಡನುಸಿ ಏರಿತು. ಒಂದರ ಹಿಂದೊಂದು ನುಸಿನಾಶಕ ಬಂದು, ನುಸಿ ಒಗ್ಗಿಕೊಂಡು, ಕೈಕೊಟ್ಟವು. 1960ರ ದಶಕದಲ್ಲಿ ವೆನಾಚಿಯ ಸಂಶೋಧನಾ ಕೇಂದ್ರದ ಸ್ಟ್ಯಾನ್ಲಿ ಹೊಯ್ಟ್ ಗಮನಿಸಿದ್ದು ಇಷ್ಟು: ಹುಳಕ್ಕೆ ಹೊಡೆಯುತ್ತಿದ್ದ ಅಜಿನ್‌ಫಾಸ್‌ಮೀಥೈಲ್ ಔಷಧಿಗೆ ಅಲ್ಲಿನ ಪರಭಕ್ಷಕ ನುಸಿ, ಈಗಿನ ಹೆಸರು ಗ್ಯಾಲೆಂಡ್ರೋಮಸ್ ಆಕ್ಸಿಡೆಂಟಾಲಿಸ್, ಒಗ್ಗಿಕೊಂಡು ಬದುಕಿತ್ತು. ಹುಳಕ್ಕೆ ಅದೊಂದನ್ನೇ ಕನಿಷ್ಠ ಪ್ರಮಾಣದಲ್ಲಿ ಇಟ್ಟುಕೊಂಡು ನುಸಿನಾಶಕ ನಿಲ್ಲಿಸಿದರೆ ಜೇಡನುಸಿಯನ್ನು ಪರಭಕ್ಷಕವೇ ನೋಡಿಕೊಳ್ಳುತ್ತಿತ್ತು. ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೇಬಿನೆಲೆಯಲ್ಲಿ ಋತುವಿನ ಆರಂಭಕ್ಕೇ ತುಕ್ಕುನುಸಿ ಎಂಬ ಇನ್ನೂ ಸಣ್ಣದೊಂದು ಬರುತ್ತದೆ. ಸ್ವಲ್ಪ ಪ್ರಮಾಣದಲ್ಲಿದ್ದರೆ ಅದರಿಂದ ನಷ್ಟವಿಲ್ಲ. ಅದನ್ನು ಬೇಕೆಂದೇ ಬಿಟ್ಟರು, ಜೇಡನುಸಿ ಬರುವ ಮುಂಚೆ ಪರಭಕ್ಷಕಕ್ಕೆ ಅದೇ ಊಟ. ದಶಕಗಟ್ಟಲೆ ಈ ವ್ಯವಸ್ಥೆ ನಡೆಯಿತು. ಆಮೇಲೆ ಅಜಿನ್‌ಫಾಸ್‌ಮೀಥೈಲ್ ಮನುಷ್ಯರಿಗೆ ಅಪಾಯವೆಂದು ಹಂತ ಹಂತವಾಗಿ ನಿಂತು, ಅದರ ಜಾಗಕ್ಕೆ ಬಂದ ಹೊಸ ಔಷಧಿಗಳಲ್ಲಿ ಕೆಲವು ಪರಭಕ್ಷಕಕ್ಕೆ ಪೆಟ್ಟು ಕೊಟ್ಟು ನುಸಿಯನ್ನು ಮತ್ತೆ ಮೇಲೆಬ್ಬಿಸಿದವು. ಮನುಷ್ಯನಿಗೆ ಮೃದುವಾದದ್ದು ಪರಭಕ್ಷಕಕ್ಕೂ ಮೃದು ಎಂದು ಭಾವಿಸುವಂತಿಲ್ಲ.

ನಮ್ಮ ಕಡೆಗೆ ಬಂದರೆ ತೆರೆದ ಹೊಲತೋಟಗಳಲ್ಲಿ ತಾನಾಗಿ ಸಿಗುವ ಜಾತಿ ನಿಯೋಸಿಯುಲಸ್ ಲಾಂಜಿಸ್ಪೈನೋಸಸ್. ಹೆಸರಿನ ಅರ್ಥವೇ ಉದ್ದ ಮುಳ್ಳಿನದು. ಬೆನ್ನ ಮೇಲಿನ ಆ ಉದ್ದ ರೋಮಗಳು ಅಲಂಕಾರಕ್ಕಲ್ಲ: ಜೇಡನುಸಿಯ ಬಲೆಯೊಳಗೆ ನುಗ್ಗಿದಾಗ ಎಳೆಗಳನ್ನು ಮೈಯಿಂದ ದೂರ ಹಿಡಿದು ದಾರಿ ಮಾಡಿಕೊಡುತ್ತವೆ. ಅಂಥ ರೋಮ ಇಲ್ಲದ ಜಾತಿಗಳು ಬಲೆಯಲ್ಲಿ ತೊಡರುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ನುಸಿ ವಿಭಾಗದಲ್ಲೂ ಈ ಜಾತಿಯ ಮೇಲೆ ಸಾಕಷ್ಟು ಕೆಲಸವಾಗಿದೆ. ಮರಗಳಲ್ಲಿ ಕಾಣುವ ಇನ್ನೊಂದು ಗುಂಪು ಯೂಸಿಯಸ್. ಇದು ಪರಾಗ ತಿಂದೇ ಬಹುಪಾಲು ಬದುಕುವಂಥದ್ದು, ನುಸಿ ಸಿಕ್ಕರೆ ಬಿಡದು. ಸಾಕುವವರು ಇದಕ್ಕೆ ಔಡಲದ ಪರಾಗ ಕೊಡುತ್ತಾರೆ. ತೋಟದ ಅಂಚಿನಲ್ಲಿ ನಾಲ್ಕು ಔಡಲ, ಒಂದು ಸಾಲು ಮುಸುಕಿನ ಜೋಳ ಇದ್ದರೆ ಎಲೆಗಳ ಮೇಲೆ ಬೀಳುವ ಪರಾಗವೇ ಬರಗಾಲದ ಬುತ್ತಿ.

ಎಣಿಕೆ ಹೀಗೆ ಮಾಡಿ. ತೋಟದಲ್ಲಿ ಓರೆಯಾಗಿ ನಡೆದು 20 ಮರ ಆರಿಸಿ, ಮರಕ್ಕೆ 5 ಎಲೆ. ತುದಿಯ ಚಿಗುರು ಬೇಡ. ಒಳಗಡೆಯ, ನೆರಳಿನ, ಬಲಿತ ಎಲೆ ಬೇಕು. ರಸ್ತೆ ಪಕ್ಕದ ಸಾಲು, ನೀರು ಕಡಿಮೆ ಬೀಳುವ ಮೂಲೆ ತಪ್ಪದೆ ಸೇರಿರಲಿ, ನುಸಿ ಮೊದಲು ಹುಟ್ಟುವುದು ಅಲ್ಲೇ. ಬೆಳಗ್ಗೆಯೇ ನೋಡಿ. ಎಲೆ ಕಿತ್ತು ಚೀಲದಲ್ಲಿಟ್ಟು ಮಧ್ಯಾಹ್ನ ಎಣಿಸಿದರೆ ಪರಭಕ್ಷಕ ಎಲೆ ಬಿಟ್ಟು ಚೀಲದ ಮೂಲೆಗೆ ಓಡಿರುತ್ತದೆ, ಲೆಕ್ಕ ಕೆಡುತ್ತದೆ. ನೂರು ಎಲೆಯಲ್ಲಿ 240 ಜೇಡನುಸಿ, 30 ಪರಭಕ್ಷಕ ಸಿಕ್ಕವೆಂದರೆ ಎಂಟಕ್ಕೊಂದು: ಪಂಪು ಮುಟ್ಟಬೇಡಿ, ವಾರ ಬಿಟ್ಟು ಮತ್ತೆ ಎಣಿಸಿ. 240ಕ್ಕೆ 4 ಇದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಎಷ್ಟು ನುಸಿಯವರೆಗೆ ತಡೆದುಕೊಳ್ಳಬಹುದು ಎನ್ನುವುದು ಬೆಳೆ, ಕಾಲದ ಮೇಲೆ ಬದಲಾಗುತ್ತದೆ. ನ್ಯೂಯಾರ್ಕಿನ ಸೇಬಿನ ತೋಟಗಳಿಗೆ ಕಾರ್ನೆಲ್ ವಿಶ್ವವಿದ್ಯಾಲಯ ಇಟ್ಟ ಮಿತಿ ಜೂನ್‌ನಲ್ಲಿ ಎಲೆಗೆ ಎರಡೂವರೆ, ಜುಲೈನಲ್ಲಿ 5, ಆಗಸ್ಟ್‌ನಲ್ಲಿ ಏಳೂವರೆ. ಹಣ್ಣು ಬಲಿಯುತ್ತಾ ಬಂದಂತೆ ಮರ ಹೆಚ್ಚು ಸಹಿಸುತ್ತದೆ ಎಂಬುದು ಇದರ ತಿರುಳು. ಅಂಕಿಯನ್ನು ಹಾಗೇ ಎತ್ತಿ ಪಪ್ಪಾಯಿಗೆ ಹಚ್ಚಬೇಡಿ. ಎಣಿಸುವಾಗ ಸಾಸಿವೆಗಿಂತ ಸಣ್ಣ ಕಪ್ಪು ಗುಲಗಂಜಿ ಹುಳ ಕಂಡರೆ ಅದು ಸ್ಟೆಥೋರಸ್, ನುಸಿ ತಿನ್ನುವುದೇ ಅದರ ಕಸುಬು. ಪ್ರತ್ಯೇಕವಾಗಿ ಬರೆದುಕೊಳ್ಳಿ.

ಧೂಳು, ಒಣಹವೆ, ಯೂರಿಯಾ: ಈ ಮೂರೂ ಜೇಡನುಸಿಯ ನೆಂಟರು. ಮಣ್ಣುರಸ್ತೆಯ ಧೂಳು ಕೂತ ಎಲೆಯಲ್ಲಿ ಪರಭಕ್ಷಕದ ಓಡಾಟ ಕುಂಟುತ್ತದೆ. ಅದರ ಮೊಟ್ಟೆ ಒಡೆಯಲು ತೇವ ಬೇಕು; ಗಾಳಿಯ ತೇವಾಂಶ ಶೇ. 50ಕ್ಕಿಂತ ಕೆಳಗಿಳಿದಾಗ ಹಲವು ಜಾತಿಗಳ ಮೊಟ್ಟೆ ಸುಕ್ಕುಗಟ್ಟಿಹೋಗುತ್ತವೆ. ಬಯಲುಸೀಮೆಯ ಮಾರ್ಚ್-ಏಪ್ರಿಲ್‌ನಲ್ಲಿ ಇದೇ ದೊಡ್ಡ ತೊಡಕು. ರಸ್ತೆಗೆ ನೀರು ಚಿಮುಕಿಸುವುದು, ಮರದ ಬುಡಕ್ಕೆ ಮುಚ್ಚಿಗೆ, ಸಾಲಿನ ನಡುವೆ ಕುಳ್ಳ ಹಸಿರು ಉಳಿಸಿಕೊಳ್ಳುವುದು, ನೀರು ತಪ್ಪದಂತೆ ನೋಡಿಕೊಳ್ಳುವುದು, ಇವಕ್ಕೆ ಖರ್ಚು ಕಡಿಮೆ. ಕಳೆಯನ್ನು ಒಂದೇ ದಿನ ಪೂರ್ತಿ ಸವರಬೇಡಿ. ಅದರ ಮೇಲಿದ್ದ ಜೇಡನುಸಿಯೆಲ್ಲ ಮರಕ್ಕೆ ಹತ್ತುತ್ತದೆ. ಒಂದು ಸಾಲು ಬಿಟ್ಟು ಒಂದು ಸಾಲು ತೆಗೆಯಿರಿ.

ಪರಭಕ್ಷಕ ಒಂದು ತೋಟದಲ್ಲಿದ್ದು ಪಕ್ಕದಲ್ಲಿ ಇಲ್ಲವೆಂದಾದರೆ ಸಾಗಿಸುವ ಉಪಾಯ ಸರಳ. ಯೂರೋಪಿನಲ್ಲಿ ಶರತ್ಕಾಲಕ್ಕೆ ಕಾಂಡಕ್ಕೆ ಉಣ್ಣೆಬಟ್ಟೆಯ ಪಟ್ಟಿ ಸುತ್ತಿ, ಚಳಿಗೆ ಅದರೊಳಗೆ ಸೇರಿದ ಹೆಣ್ಣುಗಳನ್ನು ಪಟ್ಟಿಸಮೇತ ಹೊಸ ತೋಟಕ್ಕೆ ಕಟ್ಟುತ್ತಾರೆ. ನಮ್ಮಲ್ಲಿ ಅಂಥ ಚಳಿ ಇಲ್ಲವಾದ್ದರಿಂದ ಹಸಿರು ಚಿಗುರೇ ವಾಹನ. ಎಲೆಗೊಂದಾದರೂ ಪರಭಕ್ಷಕ ಇರುವ ಕೊಂಬೆಯನ್ನು ಬೆಳಗ್ಗೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಆ ದಿನವೇ ಹೊಸ ಮರದ ಒಳಕವಲಿಗೆ ಎಲೆಗೆ ಎಲೆ ತಾಗುವಂತೆ ಕಟ್ಟಿ. ಚಿಗುರು ಬಾಡುತ್ತಿದ್ದಂತೆ ನುಸಿ ಮರಕ್ಕೆ ದಾಟುತ್ತದೆ. ಅದೇ ಕೊಂಬೆಯಲ್ಲಿ ಹಿಟ್ಟುತಿಗಣೆಯೋ ಎಲೆರೋಗವೋ ಇದ್ದರೆ ಅದೂ ದಾಟುತ್ತದೆ. ನಂಜುರೋಗವಿರುವ ಪಪ್ಪಾಯಿಯಿಂದಂತೂ ಯಾವುದನ್ನೂ ತರಬಾರದು.

ಪರಭಕ್ಷಕವನ್ನು ಸ್ವಂತಕ್ಕೆ ಬೆಳೆಸುವವರಿಗೆ ಬೀನ್ಸ್ ಗಿಡವೇ ಗಾಣ. ಕುಂಡಕ್ಕೆ ಎಂಟು ಹತ್ತು ಬೀಜ ಹಾಕಿ. ಅಂಗಡಿಯ ಬೀಜಕ್ಕೆ ಕೆಂಪು, ಗುಲಾಬಿ ಬಣ್ಣ ಬಳಿದಿದ್ದರೆ ಅದಕ್ಕೆ ಔಷಧಿ ಉಪಚಾರವಾಗಿರುತ್ತದೆ, ಕೀಟನಾಶಕವೂ ಸೇರಿರಬಹುದು. ಗಿಡ ಚೆನ್ನಾಗಿ ಬೆಳೆದರೂ ನುಸಿ ಏಳದೆ ಇರುವ ಗುಟ್ಟು ಎಷ್ಟೋ ಸಲ ಇದೇ. ಅಡುಗೆಗೆ ಒಣಗಿಸಿಟ್ಟ ಬೀನ್ಸ್ ಕಾಳು ಉತ್ತಮ. ಹತ್ತು ಹನ್ನೆರಡು ದಿನಕ್ಕೆ ಮೊದಲ ಎರಡು ಎಲೆ ಅಗಲವಾದ ಮೇಲೆ ಜೇಡನುಸಿ ಇರುವ ಎಲೆಯ ತುಂಡನ್ನು ಅವುಗಳ ಮೇಲಿಡಿ. ಮತ್ತೊಂದು ವಾರ, ಹತ್ತು ದಿನದಲ್ಲಿ ಎಲೆ ಚುಕ್ಕೆಯಾಗಿ ನುಸಿ ತುಂಬುತ್ತದೆ. ಆಗ ಇಪ್ಪತ್ತು ಜೇಡನುಸಿಗೆ ಒಂದರಂತೆ ಪರಭಕ್ಷಕ ಬಿಡಿ. ಎರಡು ವಾರದೊಳಗೆ ಎಲೆಯಲ್ಲಿ ಜೇಡನುಸಿ ಅಪರೂಪವಾಗಿ ಓಡುವವೇ ಕಾಣತೊಡಗುತ್ತವೆ. ಕೊಯ್ಲಿಗೆ ಅದೇ ದಿನ. ಎರಡು ದಿನ ತಡೆದರೆ ಊಟವಿಲ್ಲದೆ ಅವು ಚದುರುತ್ತವೆ, ಒಂದನ್ನೊಂದು ತಿನ್ನುವುದೂ ಉಂಟು. ಕುಂಡಗಳು ಸೋಪುನೀರಿನ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ನಿಂತಿರಲಿ. 25ರಿಂದ 28 ಡಿಗ್ರಿ, ಒಳ್ಳೆಯ ತೇವ ಇದ್ದರೆ ಸಾಕು.

ಇಲ್ಲಿ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಊಟಕ್ಕೆಂದು ಬೆಳೆಸುವ ಶುದ್ಧ ಜೇಡನುಸಿಯ ಕುಂಡಗಳಿಗೆ ಪರಭಕ್ಷಕ ಹೊಕ್ಕುಬಿಡುತ್ತದೆ. ಒಂದೇ ಒಂದು ಬಸುರಿ ಹೆಣ್ಣು ಸಾಕು, ಮೂರನೇ ವಾರಕ್ಕೆ ಬಿತ್ತನೆಯೇ ಇಲ್ಲ. ಎರಡನ್ನೂ ಬೇರೆ ಬೇರೆ ಕಡೆ, ಗಾಳಿ ಪರಭಕ್ಷಕದ ಕಡೆಯಿಂದ ಜೇಡನುಸಿಯ ಕಡೆ ಬೀಸದಂತೆ ಇಡಿ. ಬೆಳಗ್ಗೆ ಮೊದಲು ಜೇಡನುಸಿಯ ಕುಂಡಗಳ ಕೆಲಸ, ನಂತರ ಪರಭಕ್ಷಕದ್ದು. ಆ ದಿನ ಹಿಂದಿರುಗಿ ಹೋಗುವಂತಿಲ್ಲ, 'ಬರೀ ನೀರು ಹಾಕಿ ಬರುತ್ತೇನೆ' ಎಂದರೂ ಇಲ್ಲ. ಅಂಗಿಯ ತೋಳಿನಲ್ಲೇ ಸವಾರಿ ಬರುತ್ತದೆ.

ಬಿಡುವ ದಿನ ಸಂಜೆಯ ತಂಪು ಆರಿಸಿ. ಎಲೆಗಳನ್ನು ಕಾಗದದ ಲೋಟದಲ್ಲಿ ತುಂಬಿ ಒಳಕವಲಿನ ನೆರಳಿಗೆ ಸಿಕ್ಕಿಸಿ, ಬಿಸಿಲಿಗೆ ತೆರೆದ ಲೋಟ ಒಲೆಯಾಗುತ್ತದೆ. ದೂರದಿಂದ ತರುವುದಾದರೆ ಐಸಿನ ಪೊಟ್ಟಣವನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ ಡಬ್ಬಿಯ ತಳಕ್ಕಿಡಿ, ನುಸಿಗೆ ನೇರ ತಾಗಬಾರದು. ತಂದ ದಿನವೇ ಬಿಡಿ. ಬಿಡುವ ಮುಂಚೆ ಒಂದೆರಡು ಎಲೆ ಬಿಳಿ ಹಾಳೆಯ ಮೇಲೆ ಕೊಡವಿ ಓಡುವವನ್ನು ಎಣಿಸಿ. ಮೂರು ನಾಲ್ಕು ದಿನದ ಮೇಲೆ ಎಲೆಯ ಬೆನ್ನಲ್ಲಿ ಉದ್ದುದ್ದ ಮೊಟ್ಟೆ ಕಂಡರೆ ನೆಲೆ ನಿಂತವು. ವಿದೇಶದಲ್ಲಿ ಬಾಟಲಿಯಲ್ಲಿ ಸಿಗುವ ಫೈಟೋಸಿಯುಲಸ್ ಪರ್ಸಿಮಿಲಿಸ್ ಚಿಲಿಯಿಂದ ಬಂದ ಜಾತಿ. ಸೂಟ್‌ಕೇಸಿನಲ್ಲಿ ತರುವ ಆಸೆ ಇದ್ದರೆ ಬಿಟ್ಟುಬಿಡಿ, ಜೈವಿಕ ನಿಯಂತ್ರಕಗಳ ಆಮದಿಗೆ 2003ರ ಸಸ್ಯ ಸಂಗರೋಧ ಆದೇಶದಡಿ ಪರವಾನಗಿ ಬೇಕು.

ತೆಂಗಿನ ನುಸಿಯ ಮಾತು ಬೇರೆ. 1998ರಲ್ಲಿ ಕೇರಳದಲ್ಲಿ ಕಂಡು ಆಮೇಲೆ ಇಲ್ಲಿಗೂ ಹಬ್ಬಿದ ಈ ನುಸಿ ಬಲೆ ಕಟ್ಟುವ ಜಾತಿಯಲ್ಲ. ಕಾಲು ಮಿಲಿಮೀಟರ್ ಉದ್ದದ, ಹುಳುವಿನಾಕಾರದ ಜೀವಿ. ಎಳೆಗಾಯಿಯ ತೊಟ್ಟಿನ ಬಳಿ ಕಾಯಿಗೆ ಒತ್ತಿಕೊಂಡ ಎಸಳುಗಳ ಅಡಿ ಇರುತ್ತದೆ. ಅದನ್ನು ತಿನ್ನುವ ನಿಯೋಸಿಯುಲಸ್ ಬರಾಕಿ ಮೈ ಚಪ್ಪಟೆಯಾದದ್ದು, ಆದರೂ ಜೇನುಗೂಡಿನ ಬಾಗಿಲಲ್ಲಿ ನಿಂತ ಕರಡಿಯ ಪಾಡು ಅದರದ್ದು: ಕಾಯಿ ಬೆಳೆದು, ಎಸಳು ಸ್ವಲ್ಪ ಸಡಿಲಾಗಿ ಸಂದು ತೆರೆದ ಮೇಲಷ್ಟೇ ಒಳಗೆ ಹೋಗಬಲ್ಲದು. ಅಷ್ಟರಲ್ಲಿ ನುಸಿ ಸಾವಿರಗಟ್ಟಲೆ ಆಗಿರುತ್ತದೆ. ಹಾಗಾಗಿ ಇಲ್ಲಿ ಪರಭಕ್ಷಕ ಒಂದನ್ನೇ ನೆಚ್ಚುವುದು ಕಷ್ಟ. ಲೀಟರ್ ನೀರಿಗೆ 20 ಮಿಲಿ ಬೇವಿನೆಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, 5 ಗ್ರಾಂ ಸೋಪು ಬೆರೆಸಿ ಎಳೆಗೊನೆಗಳ ತೊಟ್ಟಿನ ಭಾಗಕ್ಕಷ್ಟೇ ಹೊಡೆಯುವ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಧಾನವೇ ಒಳ್ಳೆಯದು. ಹೊಡೆಯುವ ಮುಂಚೆ ನಾಲ್ಕೈದು ತಿಂಗಳ ಕಾಯಿ ಒಂದನ್ನು ಇಳಿಸಿ, ಚಾಕುವಿನ ತುದಿಯಿಂದ ಎಸಳನ್ನು ಒಂದೊಂದಾಗಿ ಎಬ್ಬಿಸಿ. ಒಳಗೆ ತಿಳಿಬಣ್ಣದ ತ್ರಿಕೋನ ಮಚ್ಚೆಯ ಮೇಲೆ ಬಿಳಿ ಪುಡಿ ಉದುರಿಸಿದಂತೆ ಕಾಣುವುದು ನುಸಿ; ಅದರ ನಡುವೆ ಚಪ್ಪಟೆಯಾಗಿ, ಹೊಳೆಯುತ್ತಾ, ಬೆಳಕು ಬಿದ್ದೊಡನೆ ಪಕ್ಕದ ಎಸಳಿನಡಿ ನುಸುಳುವುದು ಕಂಡರೆ ಆ ಮರದ ಹೆಸರಿನ ಮುಂದೆ ಗುರುತು ಹಾಕಿಟ್ಟುಕೊಳ್ಳಿ.